ಖಾಲಿ ಬಿಟ್ಟ ಜಾಗ

ಟೈಪ್‌ರೈಟರಿಗೆ ಗಣಿತ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಬರುತ್ತವೆ, ಅಂಕಿ ಬರುತ್ತವೆ. ಗ್ರೀಕ್ ಅಕ್ಷರ ಬಂದಲ್ಲಿ, ಮೊತ್ತದ ಚಿಹ್ನೆ ಬಂದಲ್ಲಿ, ಒಂದು ಗಣ ಇನ್ನೊಂದರ ಒಳಗಿದೆ ಎಂದು ತೋರಿಸುವ ಗುರುತು ಬಂದಲ್ಲಿ ಅದು ಸೋಲುತ್ತದೆ. ರಾಯಬಾಗದ ಬಸ್ ಸ್ಟ್ಯಾಂಡ್ ಎದುರು ಟೈಪಿಂಗ್ ಕ್ಲಾಸ್ ಇಟ್ಟಿದ್ದ ಪಾರಿಸ ಅಂಥ ಕಡೆಯಲ್ಲೆಲ್ಲ ಅಳತೆ ನೋಡಿ ಜಾಗ ಖಾಲಿ ಬಿಡುತ್ತಿದ್ದ. ಆಮೇಲೆ ಯಾರಾದರೂ ಕೂತು ಕಪ್ಪು ಮಸಿಯಲ್ಲಿ ಆ ಜಾಗ ತುಂಬಬೇಕು. ಒಂದು ಪ್ರತಿಯಲ್ಲಿ ತುಂಬಿದರೆ ಸಾಲದು, ಎಲ್ಲ ಪ್ರತಿಗಳಲ್ಲೂ ತುಂಬಬೇಕು. ಗೀಟು ನಡುಗಬಾರದು. ಮಸಿ ಹರಡಬಾರದು. ಬರೆಯುವವರಿಗೆ ಚಿಹ್ನೆಯ ಅರ್ಥವೂ ಗೊತ್ತಿರಬೇಕು.

ಆ ಊರಿನ ಕಾಲೇಜಿನಲ್ಲಿ ಅಂಥ ಕೈ ಒಂದೇ ಇತ್ತು. ಅದು ಕಾಳವ್ವನದು.

ಕಾಳವ್ವ ಲಗಮಣ್ಣ ಕಾಂಬಳೆ ಶಿರಗುಪ್ಪಿಯ ಹೊಲಗೇರಿಯವಳು. ಅಪ್ಪ ಲಗಮಣ್ಣ ಕಬ್ಬು ಕಡಿಯುತ್ತಲೇ ಸತ್ತ. ತಾಯಿ ತುಳಸವ್ವ ಇನ್ನೂ ಕಬ್ಬು ಕಡಿಯುತ್ತಿದ್ದಳು. ಕಾಳವ್ವ ಸರಕಾರಿ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದಳು. ರಾಯಬಾಗದ ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿಯಾದಳು. 1988ರಲ್ಲಿ ಅದೇ ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಬಾಪುಸಾಹೇಬರ ಕೈಕೆಳಗೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಳು.

1990ರ ಏಪ್ರಿಲ್‌ನಲ್ಲಿ ಪಾರಿಸ ಅವಳ ಮುಂದೆ ಒಂದು ಪ್ರಬಂಧದ ಐದು ಪ್ರತಿ ಇಟ್ಟ. ಅದು ಜ್ಞಾನದೇವನ ಪಿಎಚ್.ಡಿ. ಪ್ರಬಂಧ. ಜ್ಞಾನದೇವ ಅದೇ ವಿಭಾಗದಲ್ಲಿ ಕಾಯಂ ಉಪನ್ಯಾಸಕ. ಕಾಲೇಜು ನಡೆಸುವ ಸಂಸ್ಥೆಯ ಚೇರಮನ್ ಭಾವುಸಾಹೇಬರ ಮಗ. ಅವನಿಗೂ ಬಾಪುಸಾಹೇಬರೇ ಗೈಡು.

ಆಗ ಕಾಳವ್ವನ ಬಲಗೈ ಬೆರಳುಗಳ ಚರ್ಮ ಸುಲಿದಿತ್ತು.

"ಪೆನ್ನ ಹಿಡಿಯಾಕ ಬರ್ತೈತೇನ್ರಿ ಅಕ್ಕೋರ?" ಎಂದ ಪಾರಿಸ.

"ಅರಬಿ ಸುತ್ತಿ ಹಿಡಿತೀನಿ, ತಗೋ ಪಾರಿಸಣ್ಣ."

"ದ್ರಾಕ್ಷಿ ಅದ್ದಾಕ ಒಂದ್ ಆಳು, ಚಿಹ್ನೆ ಬರಿಯಾಕ ಒಂದ್ ಆಳು, ಬ್ಯಾರೆ ಬ್ಯಾರೆ ಇಟ್ಕೋರಿ ಅಂತ ನಿಮ್ಮ ಸರ್‌ಗೆ ಹೇಳ್ರಲಾ."

ನಗಿಸಬೇಕೆಂದು ಹೇಳಿದ್ದ. ಕಾಳವ್ವ ನಗಲಿಲ್ಲ. ಚಿಂದಿ ಹರಿದು ಬೆರಳಿಗೆ ಸುತ್ತಿಕೊಂಡಳು.

ಬಾಪುಸಾಹೇಬರ ದ್ರಾಕ್ಷಿ ತೋಟ ಅನಂತಪುರದಲ್ಲಿತ್ತು. ನೋಂದಣಿಯಾದ ಮೊದಲ ವರ್ಷವೇ ಅವರು ಹೇಳಿದ್ದರು: "ಕಾಲೇಜಿನಾಗ ಬರೇ ಗದ್ದಲ. ಸಂಶೋಧನಾಕ್ಕ ಶಾಂತ ಜಾಗಾ ಬೇಕು. ರವಿವಾರ ತ್ವಾಟಕ್ಕ ಬಾ." ಅವಳು ಹೋದಳು. ಬಸ್ಸು ಬದಲಿಸಿ, ಆಮೇಲೆ ನಡೆದು ಹೋದಳು. ತೋಟದಲ್ಲಿ ಒಣದ್ರಾಕ್ಷಿ ಮಾಡುವ ತಗಡಿನ ಶೆಡ್ ಇತ್ತು. ಬಾಪುಸಾಹೇಬರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವಳು ತಂದ ಹಾಳೆ ನೋಡಿದರು. ನಾಲ್ಕು ಮಾತು ಹೇಳಿದರು. ಆಮೇಲೆ ಎಂದರು:

"ಕೈ ಸುಮ್ನ ಯಾಕ ಇರಬೇಕು? ತಲಿ ತನ್ನ ಕೆಲಸಾ ಮಾಡ್ತೈತಿ. ಕೈ ತನ್ನ ಕೆಲಸಾ ಮಾಡ್ಲಿ."

ಅಂದಿನಿಂದ ಸುಗ್ಗಿಯ ರವಿವಾರಗಳೆಲ್ಲ ಹಾಗೆಯೇ ಹೋದವು. ಕೊಯ್ದ ಗೊಂಚಲನ್ನು ಕಾರ್ಬೋನೇಟ್ ಮತ್ತು ಎಣ್ಣೆ ಕದಡಿದ ನೀರಿನಲ್ಲಿ ಅದ್ದಬೇಕು. ಹಣ್ಣಿನ ಮೈಮೇಲಿನ ಮೇಣ ಕರಗಿ ಬೇಗ ಒಣಗಲಿ ಎಂದು ಅದು. ಆ ನೀರು ಹಣ್ಣು ಯಾವುದು, ಕೈ ಯಾವುದು ಎಂದು ನೋಡುವುದಿಲ್ಲ. ಮೊದಲು ಬೆರಳ ಸಂದಿ ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ಏಳುತ್ತದೆ. ಆಮೇಲೆ ಸೀಳುತ್ತದೆ. ಅದ್ದುವ ಹೆಂಗಸರಿಗೆ ಕೈಗವಸು ಕೊಡುವ ಪದ್ಧತಿ ಆ ಶೆಡ್ಡಿನಲ್ಲಿರಲಿಲ್ಲ. ಮಧ್ಯಾಹ್ನ ಉಳಿದವರು ಮಡಕೆಯಿಂದ ನೀರು ಮೊಗೆದು ಕುಡಿಯುತ್ತಿದ್ದರು. ಕಾಳವ್ವನಿಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅವಳು ಸುಲಿದ ಕೈಗಳ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಅವಳು ಎಂ.ಎಸ್ಸಿ. ಮಾಡಿದವಳು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರಿಂದ ಬದಲಾದದ್ದು ಇಷ್ಟೇ, ಅವಳನ್ನು 'ಮೇಡಮ್' ಎಂದು ಕರೆದು ನೀರು ಹೊಯ್ಯುತ್ತಿದ್ದರು.

ಮನೆಯಲ್ಲಿ ತುಳಸವ್ವ ಮಗಳ ಕೈ ಹಿಡಿದು ಬೆಳಕಿಗೆ ತಂದು ನೋಡಿದಳು.

"ಡಾಕ್ಟರ್ ಆಗಾಕ ದ್ರಾಕ್ಷಿ ಅದ್ದಬೇಕೇನ ಬೇ?"

"ಸಹಿ ಬೇಕು ಯವ್ವಾ. ಆರ್ ತಿಂಗಳಿಗೊಮ್ಮೆ ನಾ ಏನ್ ಮಾಡೀನಿ ಅಂತ ಯುನಿವರ್ಸಿಟಿಗೆ ಬರದ ಕಳಸಬೇಕು. ಅದರ ಮ್ಯಾಲೆ ಅವರ ಸಹಿ ಬೇಕು. ಇಲ್ಲಾಂದ್ರ ಹೆಸರ ತಗದ ಬಿಡ್ತಾರ."

"ಕಬ್ಬಿನ ಗರಿ ನಿನ್ನ ಕೈಗೆ ಹತ್ತಬಾರದು ಅಂತ ಸಾಲಿ ಕಲಿಸಿದ್ನಿ. ಈಗ ನೋಡು, ನಿನ್ನ ಕೈಕಿಂತ ನನ್ನ ಕೈನ ಚಲೋ ಅದಾವು."

ತುಳಸವ್ವ ಒಳಗಿನಿಂದ ಕೊಬ್ಬರಿ ಎಣ್ಣೆ ತಂದಳು. ಹಚ್ಚುವಾಗ ಎರಡೂ ಕೈ ಉರಿದವು. ಕಾಳವ್ವ ಹಲ್ಲು ಕಚ್ಚಿದಳು.

ಅವಳ ವಿಷಯ ಹೊರಗಿನವರಿಗೆ ಹೇಳಲು ಕಷ್ಟವೇನಲ್ಲ. ಒಂದಿಷ್ಟು ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ. ಗಣಿತದಲ್ಲಿ ಅದನ್ನು ಗ್ರಾಫ್ ಎನ್ನುತ್ತಾರೆ. ಬಾಪುಸಾಹೇಬರು ಕೊಟ್ಟ ಪ್ರಶ್ನೆ ಒಂದು ಬಗೆಯ ಗ್ರಾಫ್‌ಗಳದ್ದು. ಅವುಗಳಲ್ಲಿ ಎಲ್ಲ ಚುಕ್ಕಿಗಳನ್ನೂ ಗೆರೆಗಳ ಮೂಲಕ ಸಮಸಮನಾದ ಗುಂಪುಗಳಾಗಿ ಕೂಡಿಸಲು ಸಾಧ್ಯವೇ, ಒಂದೂ ಹೊರಗೆ ಉಳಿಯದಂತೆ? ಕಾಳವ್ವ ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನು ಹತ್ತಿದಳು. ಬಸ್ಸಿನಲ್ಲಿ ಹತ್ತಿದಳು, ಶೆಡ್ಡಿನಲ್ಲಿ ಹತ್ತಿದಳು. ಕೈ ನೀರಿನಲ್ಲಿದ್ದಾಗ ತಲೆ ನಿಜಕ್ಕೂ ತನ್ನ ಕೆಲಸ ಮಾಡುತ್ತಿತ್ತು. 1989ರ ಕೊನೆಗೆ ಉತ್ತರ ಸಿಕ್ಕಿತು. ಸಾಧ್ಯ. ಒಂದೂ ಹೊರಗೆ ಉಳಿಯುವುದಿಲ್ಲ. ಪ್ರಮೇಯವನ್ನೂ ಅದರ ಸಾಧನೆಯನ್ನೂ ಶುದ್ಧವಾಗಿ ಬರೆದು ಗೈಡಿಗೆ ಕೊಟ್ಟಳು. "ನೋಡ್ತೀನಿ" ಎಂದರು. ಆಮೇಲೆ ಅದರ ಮಾತೇ ಎತ್ತಲಿಲ್ಲ. ಕೇಳಿದಾಗಲೆಲ್ಲ "ನೋಡಾಕತ್ತೀನಿ" ಎಂದರು.

ಈಗ ಪಾರಿಸನ ಟೈಪಿಂಗ್ ಕ್ಲಾಸಿನ ಮೂಲೆಯ ಮೇಜಿನ ಮೇಲೆ ಜ್ಞಾನದೇವನ ಪ್ರಬಂಧವಿತ್ತು. ಎಡಗಡೆ ಕೈಬರಹದ ಮೂಲಪ್ರತಿ. ಬಲಗಡೆ ಟೈಪಾದ ಹಾಳೆ. ಮೂಲ ನೋಡಬೇಕು, ಖಾಲಿ ಜಾಗಕ್ಕೆ ಚಿಹ್ನೆ ಬರೆಯಬೇಕು. ಮೊದಲೆರಡು ಅಧ್ಯಾಯ ಯಾವ ಪುಸ್ತಕದಲ್ಲೂ ಸಿಗುವ ಸರಕು. ಅವಳು ಬೇಗ ಬೇಗ ತುಂಬಿದಳು. ಮೂರನೆಯ ಅಧ್ಯಾಯದಲ್ಲಿ ನಾಲ್ಕಾರು ಸಾಲು ದಾಟಿರಲಿಲ್ಲ, ಅವಳ ಕೈ ಮೂಲಪ್ರತಿ ನೋಡುವುದನ್ನು ಬಿಟ್ಟಿತು. ಮುಂದಿನ ಚಿಹ್ನೆ ಯಾವುದೆಂದು ಕೈಗೆ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು. ಪಾರಿಸ ಬಿಟ್ಟ ಜಾಗದ ಅಳತೆಯೂ ಸರಿಯಾಗಿ ಅಷ್ಟೇ ಇತ್ತು.

ಅವಳು ಪೆನ್ನು ಕೆಳಗಿಟ್ಟಳು. ಪುಟ ತಿರುವಿದಳು. ಅವಳದೇ ಸಾಧನೆ. ಅವಳದೇ ಹೆಜ್ಜೆಗಳು. ಎರಡು ಕಡೆ ಅವಳದೇ ಒಡ್ಡು ಇಂಗ್ಲಿಷ್.

"ಯಾಕ್ರಿ ಅಕ್ಕೋರ? ಟೈಪ್ ತಪ್ಪೇತೇನು?"

"ಇಲ್ಲ ಪಾರಿಸಣ್ಣ. ಎಲ್ಲಾ ಬರೋಬ್ಬರಿ ಐತಿ."

ಆ ರವಿವಾರ ಅವಳು ಶೆಡ್ಡಿಗೆ ಹೋದಳು. ಅದ್ದುವ ತೊಟ್ಟಿಯ ಹತ್ತಿರ ಹೋಗಲಿಲ್ಲ. ಕುರ್ಚಿಯ ಮುಂದೆ ನಿಂತಳು.

"ಸರ್, ಜ್ಞಾನದೇವ ಸರ್ ಅವರ ಮೂರನೇ ಅಧ್ಯಾಯ ನಂದ್ರಿ."

ಬಾಪುಸಾಹೇಬರು ಪತ್ರಿಕೆ ಮಡಚಿದರು. ಸಿಟ್ಟಾಗಲಿಲ್ಲ.

"ಪ್ರಶ್ನಿ ಕೊಟ್ಟಾಂವ ಯಾರು?"

"ನೀವ್ರಿ."

"ಮುಗೀತಲ್ಲ. ಈ ತ್ವಾಟ ನಂದು. ಗಿಡಾ ಹಚ್ಚಿದಾಂವ ನಾ, ನೀರ ಬಿಟ್ಟಾಂವ ನಾ. ನೀ ಕೊಯ್ದಿ. ಕೊಯ್ದಾಕಿ ದ್ರಾಕ್ಷಿ ನಂದು ಅಂದ್ರ ಹೆಂಗ?"

"ಗಣಿತ ತ್ವಾಟ ಅಲ್ರಿ ಸರ್."

"ನನಗ ಗಣಿತಾ ಕಲಸ್ತಿಯೇನು?" ಎಂದು ನಕ್ಕರು. ಆಮೇಲೆ ದನಿ ಇಳಿಸಿ, ಒಳ್ಳೆಯದನ್ನೇ ಬಯಸುವವರ ಹಾಗೆ ಹೇಳಿದರು: "ನಿನಗ ಬ್ಯಾರೆ ಪ್ರಶ್ನಿ ಕೊಡ್ತೀನಿ. ನಿಮ್ಮ ಮಂದಿಗೇನು, ಎಲ್ಲಾ ಕಡೆ ಸರಕಾರದ ಸವಲತ್ತು ಐತಿ. ಡಿಗ್ರಿ ಎರಡ ವರ್ಷ ತಡಾ ಆದ್ರ ಏನ್ ಹೋತು? ಜ್ಞಾನದೇವಗ ಹಂಗಿಲ್ಲ. ಅವರಪ್ಪ ಕುಂತಾನ ತಲಿ ಮ್ಯಾಲೆ. ಈ ವರ್ಷ ಪ್ರಿನ್ಸಿಪಾಲರ ಜಾಗಾ ಖಾಲಿ ಆಗತೈತಿ. ನಿನಗೂ ಜೂನದಾಗ ಆರ್ಡರ್ ಬೇಕಲ್ಲ?"

ಇಷ್ಟೇ. ಮುಚ್ಚಿ ಹೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಅವಳ ನೌಕರಿಯ ಆರ್ಡರಿನ ಮೇಲೆ ಚೇರಮನ್ನರ ಸಹಿ ಬೇಕು. ಸಂಶೋಧನೆಯ ವರದಿಯ ಮೇಲೆ ಗೈಡಿನ ಸಹಿ ಬೇಕು. ಇವೆರಡನ್ನು ಬಿಟ್ಟರೆ ಅವಳ ಬಳಿ ಇದ್ದದ್ದು ಆ ಮೂರನೆಯ ಅಧ್ಯಾಯ ಒಂದೇ.

"ಬುಟ್ಟಿ ಖಾಲಿ ಬಿದ್ದಾವು ನೋಡು" ಎಂದರು ಬಾಪುಸಾಹೇಬರು.

ಕಾಳವ್ವ ಹೋಗಿ ತೊಟ್ಟಿಯಲ್ಲಿ ಕೈ ಇಟ್ಟಳು.

ಮರುದಿನದಿಂದ ಐದೂ ಪ್ರತಿಗಳ ಮೂರನೆಯ ಅಧ್ಯಾಯ ತುಂಬಿದಳು. ಒಂದು ಚಿಹ್ನೆಯನ್ನೂ ಕೆಡಿಸಲಿಲ್ಲ. ಕೆಡಿಸಬಹುದು ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಕೈ ಒಪ್ಪಲಿಲ್ಲ. ಅದು ಅವಳದೇ ಲೆಕ್ಕವಾಗಿತ್ತು.

ಜೂನ್ ತಿಂಗಳಲ್ಲಿ ಆರ್ಡರ್ ಬಂತು. ಪ್ರಬಂಧ ಪರೀಕ್ಷಕರಿಗೆ ಹೋಯಿತು. ಮೌಖಿಕ ಪರೀಕ್ಷೆ ಬಾಕಿ ಇತ್ತು. ಒಂದು ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಕೂತಿದ್ದ ಕಾಳವ್ವನ ಬಳಿ ಜ್ಞಾನದೇವ ಬಂದ. ಅವನು ಕೆಟ್ಟ ಮನುಷ್ಯನಲ್ಲ. ಕಾಲೇಜಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಅವನೊಬ್ಬನೇ.

"ಕಾಂಬಳೆ ಬಾಯಿ, ಒಂದ ಉಪಕಾರ ಆಗಬೇಕು. ಮೂರನೇ ಅಧ್ಯಾಯ ಒಂದ ಸಲ ಬಿಡಿಸಿ ಹೇಳ್ತೀರೇನು? ಅವರು ಅದರ ಮ್ಯಾಲೇ ಕೇಳ್ತಾರಂತ."

ಅವಳು ಅವನ ಮುಖ ನೋಡಿದಳು. ಅವನು ಹಲಗೆ ಒರೆಸತೊಡಗಿದ. ಅವಳು ಎದ್ದು ಸೀಮೆಸುಣ್ಣ ಹಿಡಿದಳು. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಹೇಳಿದಳು. ಎಲ್ಲಿ ಪ್ರಶ್ನೆ ಬರಬಹುದು, ಅದಕ್ಕೆ ಏನು ಹೇಳಬೇಕು, ಅದನ್ನೂ ಹೇಳಿದಳು.

"ಎಷ್ಟ ಚಂದ ಹೇಳ್ತೀರಿ! ಸರ್ ತಮ್ಮ ಮನ್ಯಾಗ ಹಲಗಿ ಮ್ಯಾಲೆ ನಾಕ ಸಲ ಬಿಡಿಸಿದ್ರೂ ನನ್ನ ತಲ್ಯಾಗ ಹೋಗಿದ್ದಿಲ್ಲ."

"ಸರ್ ಮನ್ಯಾಗ ಹಲಗಿ ಐತ್ರಿ?"

"ಐತಲ್ಲ, ನಡುಮನ್ಯಾಗ. ನಾವೆಲ್ಲಾ ಅಲ್ಲೇ ಕೂತ... ನೀವು ನೋಡಿಲ್ಲೇನು?"

ಕೇಳಿದ ಮೇಲೆ ಅವನಿಗೇ ಹೊಳೆಯಿತು. ಸುಣ್ಣದ ಧೂಳು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಾಪುಸಾಹೇಬರ ಮನೆ ಕಾಲೇಜಿನಿಂದ ಕೂಗಳತೆಯಲ್ಲಿತ್ತು. ಕಾಳವ್ವ ಅದರ ಕಟ್ಟೆಯವರೆಗೆ ಮಾತ್ರ ಹೋಗಿದ್ದಳು. ಶಾಂತ ಜಾಗ ಬೇಕೆಂದು ಅವಳನ್ನು ಅನಂತಪುರದ ಶೆಡ್ಡಿಗೆ ಕರೆಸಿದ್ದರು. ಶಾಂತ ಜಾಗ ಊರೊಳಗೇ ಇತ್ತು.

ಜುಲೈ ಕೊನೆಗೆ, ಶಿರಗುಪ್ಪಿಗೂ ರಾಯಬಾಗಕ್ಕೂ ನಡುವೆ ಹರಿಯುವ ಕೃಷ್ಣೆಗೆ ನೀರು ಬಂತು. ಉಗಾರ ಮತ್ತು ಕುಡಚಿಯ ನಡುವಿನ ರಸ್ತೆಯ ಸೇತುವೆ ಮುಳುಗಿತು. ಬಸ್ಸು ನಿಂತವು. ಉಳಿದದ್ದು ರೈಲಿನ ಪೂಲು ಒಂದೇ. ಆಚೆ ದಂಡೆಯ ಜನವೆಲ್ಲ ಮಿರಜ ಪ್ಯಾಸೆಂಜರಿಗೆ ಮುಗಿಬಿದ್ದರು. ಕಾಳವ್ವ ಉಗಾರದಲ್ಲಿ ಹೇಗೋ ಹತ್ತಿ ಬಾಗಿಲ ಬಳಿ ಒತ್ತಿಕೊಂಡು ನಿಂತಳು. ಮೀಟರ್ ಗೇಜಿನ ಗಾಡಿ ಪೂಲಿನ ಮೇಲೆ ನಡಿಗೆಯ ವೇಗದಲ್ಲಿ ಹೋಯಿತು. ಕೆಳಗೆ ರಾಡಿ ನೀರು. ರಸ್ತೆಯ ಪೂಲಿನ ಗುರುತೇ ಇರಲಿಲ್ಲ. ಕುಡಚಿಯ ಮುದುಕನೊಬ್ಬ ಕೋಳಿ ಬುಟ್ಟಿ ಎದೆಗವಚಿಕೊಂಡು ನಿಂತಿದ್ದ.

"ಈ ಒಂದ ಪೂಲ್ ಹೋತಂದ್ರ ಮುಗೀತ್ರಿ ಬಾಯಿ. ಆ ದಂಡಿ ಆ ದಂಡಿಗೆ, ಈ ದಂಡಿ ಈ ದಂಡಿಗೆ. ನನ್ನ ಕೋಳಿ ನನ್ನ ಸಂಗಾಟ."

ಪಕ್ಕದವರು ನಕ್ಕರು. ಕಾಳವ್ವ ನಗಲಿಲ್ಲ. ಬಾಗಿಲ ಸರಳು ಹಿಡಿದು ಎರಡೂ ದಂಡೆ ನೋಡಿದಳು.

ಈ ದಂಡೆಯಲ್ಲಿ ಇಷ್ಟು ಊರು, ಆ ದಂಡೆಯಲ್ಲಿ ಅಷ್ಟು ಊರು, ನಡುವೆ ಒಂದೇ ಗೆರೆ. ಅಂಥ ಗ್ರಾಫನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾವ ಗೆರೆ ತೆಗೆದರೂ ಉಳಿದದ್ದು ಕೂಡಿಕೊಂಡೇ ಇರುತ್ತದೆ ಎಂದು ಸಾಧನೆಯ ನಡುವೆ ತಿಳಿಯದೆಯೇ ನಂಬಿಬಿಟ್ಟಿದ್ದಳು. ವರ್ಷ ವರ್ಷ ಹೊಳೆ ಬಂದಾಗ ದಂಡೆಯಲ್ಲಿ ಸಿಕ್ಕಿಬಿದ್ದವಳು ಆ ನಂಬಿಕೆ ಇಟ್ಟುಕೊಂಡಿದ್ದಳು. ಕಾಲೇಜಿಗೆ ಹೋದವಳೇ ಹಾಳೆ ತೆಗೆದಳು. ಎರಡು ತುಂಡು ಬರೆದಳು. ನಡುವೆ ಒಂದೇ ಗೆರೆ ಎಳೆದಳು. ಗುಂಪುಗೂಡಿಸಲು ನೋಡಿದಳು. ಹೇಗೆ ಮಾಡಿದರೂ ಒಂದು ಚುಕ್ಕಿ ಹೊರಗೆ ಉಳಿಯಿತು.

ಪ್ರಮೇಯ ತಪ್ಪಾಗಿತ್ತು.

ಅವಳು ಅದನ್ನು ಸರಿಪಡಿಸಲು ಆಗಸ್ಟ್ ಇಡೀ ತೆಗೆದುಕೊಂಡಳು. ಹಾಗೆ ಒಂದೇ ಗೆರೆಯ ಮೇಲೆ ನಿಂತ ಗ್ರಾಫ್‌ಗಳನ್ನು ಬಿಟ್ಟರೆ ಮಾತು ನಿಜ. ಬಿಡದಿದ್ದರೆ ಎಷ್ಟು ಚುಕ್ಕಿ ಹೊರಗೆ ಉಳಿಯುತ್ತವೆ ಎಂಬುದಕ್ಕೂ ಉತ್ತರ ಸಿಕ್ಕಿತು. ಮೊದಲಿನದಕ್ಕಿಂತ ಇದು ಚೆನ್ನಾಗಿತ್ತು. ಇದೂ ಅವಳದೇ.

ಬಾಪುಸಾಹೇಬರಿಗೆ ಹೇಳಬೇಕೋ ಬೇಡವೋ ಎಂದು ಅವಳು ಬಹಳ ಯೋಚಿಸಲಿಲ್ಲ. ತಪ್ಪು ಯಾರ ಹೆಸರಿನಲ್ಲಿದ್ದರೂ ತಪ್ಪೇ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಹಾಳೆ ಅವರ ಮುಂದೆ ಇಟ್ಟಳು. ಅವರು ಕನ್ನಡಕ ಹಾಕಿಕೊಂಡರು. ಗಣಿತ ಬಲ್ಲ ಮನುಷ್ಯ. ನೋಡಿದ ತಕ್ಷಣ ತಿಳಿಯಿತು. ಅವರ ಮುಖದಲ್ಲಿ ಒಂದು ಕ್ಷಣ ಬೇರೆ ಏನೋ ಬಂದು ಹೋದದ್ದನ್ನು ಕಾಳವ್ವ ಕಂಡಳು. ಆಮೇಲೆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

"ಒಬ್ಬ ಪರೀಕ್ಷಕರು ಸರಿ ಐತಿ ಅಂತ ಬರದ ಕಳಸ್ಯಾರ."

"ಅವರು ನೋಡಿರಾಕಿಲ್ರಿ. ಒಂದ ಸಾಲ ಸೇರಸಿದ್ರ ತಿದ್ದಬಹುದ್ರಿ ಸರ್."

"ತಿದ್ದಬೇಕಂದ್ರ ಪ್ರಬಂಧ ವಾಪಸ್ ತರಸಬೇಕು. ನಿನ್ನ ಮಗನ ಶೋಧ ತಪ್ಪೈತಿ ಅಂತ ಚೇರಮನ್ನರಿಗೆ ನಾ ಹೇಳ್ಲೇನು, ನೀ ಹೇ‌ಳ್ತಿಯೇನು?"

"ಹಂಗಾರ ಅವರದು ಹಂಗ ಇರ್ಲಿ. ಈ ತಿದ್ದಿದ್ದಾದ್ರೂ ನನ್ನ ಪ್ರಬಂಧದಾಗ ಬರ್ಲಿ."

ಬಾಪುಸಾಹೇಬರು ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಬೇಸರವಿತ್ತು.

"ವಿಚಾರ ಮಾಡು. 'ಎಲ್ಲಾ ಗ್ರಾಫ್‌ಗೂ ಇದು ನಿಜ' ಅಂತ ಅವನ ಹೆಸರ್ಲೆ ಸಿದ್ಧ ಆಗಿ ಹೋಗೇತಿ. 'ಕೆಲವಕ್ಕಷ್ಟ ನಿಜ' ಅಂತ ನೀ ಬರದ್ರ ಯಾರ ಪದವಿ ಕೊಡ್ತಾರ? ಅವನದು ತಪ್ಪು ಅಂತ ಮೊದಲ ಹೇಳಬೇಕು. ಹೇಳಿದ್ರ ನನ್ನ ಸಹಿ ಬೀಳಂಗಿಲ್ಲ. ಸಹಿ ಇಲ್ಲಂದ್ರ ಪ್ರಬಂಧ ಇಲ್ಲ. ಗಣಿತದಾಕಿ ಅದಿ, ಬಿಡಿಸಿ ನೋಡು."

ಅವಳು ಬಿಡಿಸಿ ನೋಡಿದಳು. ಹೊರದಾರಿ ಇರಲಿಲ್ಲ. ತಪ್ಪಾದದ್ದು ಅವನದಾದ ಕಾರಣ ಸರಿಯಾದದ್ದು ಅವಳದಾಗುವ ಹಾಗಿರಲಿಲ್ಲ.

ಜನವರಿಯಲ್ಲಿ ಮೌಖಿಕ ಪರೀಕ್ಷೆ ಆಯಿತು. ಪರೀಕ್ಷಕರು ಬಂದರು, ಪ್ರಶ್ನೆ ಕೇಳಿದರು, ಊಟ ಮಾಡಿದರು, ಹೋದರು. ಕೇಳಿದ ಪ್ರಶ್ನೆಗಳೆಲ್ಲ ಕಾಳವ್ವ ಹೇಳಿಕೊಟ್ಟವೇ. ಜ್ಞಾನದೇವ ಡಾಕ್ಟರನಾದ. ಬಾಪುಸಾಹೇಬರು ಪ್ರಿನ್ಸಿಪಾಲರಾದರು.

ಫೆಬ್ರುವರಿಯಲ್ಲಿ ಕಾಲೇಜಿನ ಮೈದಾನದಲ್ಲಿ ಸತ್ಕಾರ ಸಮಾರಂಭ. ಪೆಂಡಾಲು, ಮೈಕು, ಕೇಸರಿ ಪೇಟ. ಚೇರಮನ್ ಭಾವುಸಾಹೇಬರು ಸುತ್ತಿನ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಜನ ತರಿಸಿದ್ದರು. ಕಬ್ಬಿನ ಗ್ಯಾಂಗುಗಳಿಗೆ ಅಂದು ರಜೆ, ಊಟ ಇಲ್ಲೇ. ತುಳಸವ್ವನೂ ಹಾಗೇ ಬಂದಿದ್ದಳು, ಹಿಂದೆ ನೆಲದ ಮೇಲೆ ಕೂತಿದ್ದಳು. ಕಾಳವ್ವನಿಗೆ ಕೊಟ್ಟ ಕೆಲಸ ವೇದಿಕೆಯ ಪಕ್ಕ ಶಾಲುಗಳ ತಾಟು ಹಿಡಿದು ನಿಲ್ಲುವುದು.

ಜ್ಞಾನದೇವ ನಾಲ್ಕು ಮಾತಾಡಿ ಕೂತ. ಭಾವುಸಾಹೇಬರಿಗೆ ಸಮಾಧಾನವಾಗಲಿಲ್ಲ. ಮೈಕು ಎಳೆದುಕೊಂಡರು.

"ನನ್ನ ಮಗಾ ಶೋಧ ಮಾಡ್ಯಾನ ಮಾಡ್ಯಾನ ಅಂತಾರ. ಏನ್ ಶೋಧ ಮಾಡ್ಯಾನಂತ ನನಗರೆ ಎಲ್ಲಿ ಗೊತ್ತೈತಿ? ನಾ ಸಾಲಿ ಕಲ್ತದ್ದ ಮೂರನೇತ್ತೆ." ಜನ ನಕ್ಕರು. "ಯಾರರೆ ಕನ್ನಡದಾಗ ಹೇಳ್ರಿ. ನಮ್ಮ ಮಂದಿಗೂ ತಿಳೀಲಿ."

ಬಾಪುಸಾಹೇಬರು ಎದ್ದರು. ಎರಡು ಮಾತು ಕನ್ನಡ, ಹತ್ತು ಮಾತು ಇಂಗ್ಲಿಷ್. ಹಿಂದೆ ಮಕ್ಕಳು ಅತ್ತವು. ಭಾವುಸಾಹೇಬರು ಕೈ ಎತ್ತಿದರು.

"ಸಾಕ್ ಬಿಡ್ರಿ ಸರ್, ಊಟದ ಹೊತ್ತಾತು. ಆ ಕಾಂಬಳೆ ಬಾಯಿ ಎಲ್ಲಿ? ಆಕಿ ಭಾಳ ಚಂದ ಬಿಡಿಸಿ ಹೇಳ್ತಾಳ ಅಂತ ನಮ್ಮ ಜ್ಞಾನದೇವನ ಹೇಳ್ಯಾನ. ಬಾರವಾ ಇಲ್ಲಿ."

"ಆಕಿ ತಯಾರಿ ಮಾಡಿಲ್ರಿ" ಎಂದರು ಬಾಪುಸಾಹೇಬರು.

"ತಯಾರಿ ಏನ್ ಬಿಡ್ರಿ. ಬಾ ಬಾ."

ಕಾಳವ್ವ ತಾಟನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ಬಂದಳು. ಜನರ ತಲೆಗಳ ಆಚೆ ತಾಯಿ ಕಂಡಳು. ತಾಯಿಯ ಪಕ್ಕದವಳು ತಾಯಿಯನ್ನು ತಿವಿದು 'ನಿನ್ನ ಮಗಳು' ಎಂದು ತೋರಿಸುತ್ತಿದ್ದಳು.

"ಎಲ್ಲಾರಿಗೂ ನಮಸ್ಕಾರ್ರಿ. ಒಂದಿಷ್ಟ ಊರು ಅದಾವು ಅಂತ ತಿಳೀರಿ. ಊರಿಂದ ಊರಿಗೆ ಹಾದಿ ಅದಾವು. ಎಲ್ಲಾ ಊರು ಕೂಡಿ ಸಮಸಮ ಗುಂಪು ಮಾಡ್ಕೊಬೇಕು. ಒಂದ ಊರೂ ಹೊರಗ ಉಳೀಬಾರದು. ಹಾದಿ ಹಿಂಗಿಂಗ ಇದ್ರ ಯಾರೂ ಹೊರಗ ಉಳಿಯಂಗಿಲ್ಲ ಅಂತ ಈ ಪ್ರಬಂಧ ಹೇಳತೈತ್ರಿ."

ಚಪ್ಪಾಳೆ ಬಿದ್ದಿತು. ಭಾವುಸಾಹೇಬರು ತಲೆದೂಗಿದರು. "ಹಿಂಗ ಹೇಳಬೇಕು ನೋಡ್ರಿ!"

ಕಾಳವ್ವ ಮೈಕು ಬಿಡಲಿಲ್ಲ.

"ಅದು ತಪ್ಪೈತ್ರಿ."

ಬಾಪುಸಾಹೇಬರು ಕುರ್ಚಿಯ ಅಂಚಿಗೆ ಬಂದರು.

"ಹೊಳಿ ಬಂದಾಗ ಕುಡಚಿ ಪೂಲ್ ಮುಳಗತೈತಿ, ನಿಮಗೆಲ್ಲಾ ಗೊತ್ತೈತಿ. ಆಚಿ ಈಚಿಗೆ ಒಂದ ಹಾದಿ ಉಳದ್ರ, ಆ ಲೆಕ್ಕ ನಡಿಯಂಗಿಲ್ಲ. ಒಂದ ಊರು ಹೊರಗ ಉಳಿತೈತಿ. ಹೆಂಗ ಮಾಡಿದ್ರೂ ಉಳಿತೈತಿ. ಇದನ್ನ ಬರದಾಕಿ ನಾ. ತಪ್ಪ ಮಾಡಿದಾಕಿ ನಾ, ತಿದ್ದಿದಾಕೀನೂ ನಾನ. ನನ್ನ ಕೈಯಾಗಿಂದ ಇದನ್ನ ತಗೊಂಡ ಇವರಿಗೆ ಕೊಟ್ಟಾರ. ಇಷ್ಟ ಹೇಳೂದೈತ್ರಿ."

ಮೈಕು ಒಮ್ಮೆ ಕಿರ್ರೆಂದಿತು. ಜ್ಞಾನದೇವ ಪೇಟದ ತಲೆ ತಗ್ಗಿಸಿ ತನ್ನ ಕೈ ನೋಡಿಕೊಂಡ. ಕಾಳವ್ವ ಕಾದಳು. ಯಾರಾದರೂ ಎದ್ದು ಏನಾದರೂ ಕೇಳಬೇಕು. ಬೈದರೂ ಸರಿ.

ಮುಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ಹೊಡೆದ. ಅವನ ಹಿಂದಿನವನು ಹೊಡೆದ. ಆಮೇಲೆ ಇಡೀ ಪೆಂಡಾಲು ಹೊಡೆಯಿತು. ಮುಂಜಾನೆಯಿಂದ ಅವರು ಪ್ರತಿ ಭಾಷಣ ಮುಗಿದಾಗಲೂ ಹೊಡೆದಿದ್ದರು. ಇದಕ್ಕೂ ಹೊಡೆದರು.

ಬಾಪುಸಾಹೇಬರು ನಗುತ್ತ ಬಂದು ಮೈಕು ತೆಗೆದುಕೊಂಡರು. "ಸಂಶೋಧನೆಗೆ ಕೊನೆ ಎಂಬುದಿಲ್ಲ, ಇನ್ನೂ ಮುಂದೆ ಹೋಗಬೇಕಾದ ಹಾದಿ ಇದೆ ಎಂದು ಕುಮಾರಿ ಕಾಂಬಳೆಯವರು ಬಹಳ ವಿನಯದಿಂದ ಹೇಳಿದರು" ಎಂದರು. ಮತ್ತೊಮ್ಮೆ ಚಪ್ಪಾಳೆ ಬಿದ್ದಿತು. ಊಟಕ್ಕೆ ಎದ್ದರು.

ಮರಳುವಾಗ ಟ್ರ್ಯಾಕ್ಟರಿನಲ್ಲಿ ತುಳಸವ್ವ ಮಗಳ ಪಕ್ಕ ಸರಿದು ಕೂತಳು.

"ಏನ್ ಹೇಳಿದಿ ಬೇ? ನಮಗ ಬರೋಬ್ಬರಿ ಕೇಳಸಲಿಲ್ಲ. ಭಾಳ ಚಪ್ಪಾಳಿ ಬಿದ್ದುವು."

"ನಂದು ಕಸಗೊಂಡಾರ ಅಂತ ಹೇಳಿದ್ನಿ ಯವ್ವಾ."

ತುಳಸವ್ವ ಮಗಳ ಕಡೆ ತಿರುಗಿದಳು.

"ಅದಕ್ಕ ಚಪ್ಪಾಳಿ ಹೊಡದ್ರೇನು?"

ಮೂರನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಡಾ. ಜ್ಞಾನದೇವ ಅವರನ್ನು ಸತ್ಕರಿಸಲಾಯಿತು. ಸಂಸ್ಥೆಯ ಚೇರಮನ್ ಭಾವುಸಾಹೇಬರು ಅಧ್ಯಕ್ಷತೆ ವಹಿಸಿದ್ದರು. ಕುಮಾರಿ ಕೆ.ಎಲ್. ಕಾಂಬಳೆ ಪ್ರಬಂಧವನ್ನು ಪರಿಚಯಿಸಿದರು. ಪ್ರಿನ್ಸಿಪಾಲ್ ಬಾಪುಸಾಹೇಬರು ವಂದಿಸಿದರು. ವರದಿಯಲ್ಲಿ ಒಂದು ಸುಳ್ಳೂ ಇರಲಿಲ್ಲ.

ಜೂನ್‌ನಲ್ಲಿ ಆರ್ಡರ್ ಬರಲಿಲ್ಲ. ಸಂಶೋಧನೆಯ ವರದಿಗೆ ಗೈಡಿನ ಸಹಿ ಬೀಳಲಿಲ್ಲ. ಕಾಳವ್ವ ವಿಶ್ವವಿದ್ಯಾಲಯಕ್ಕೆ ದೂರು ಬರೆದಳು. ದೂರು ಅಭಿಪ್ರಾಯಕ್ಕಾಗಿ ಗೈಡಿಗೇ ಹೋಯಿತು. ಅವರು ಅಭಿಪ್ರಾಯ ಕೊಟ್ಟರು. ಪರೀಕ್ಷಕರಲ್ಲಿ ಒಬ್ಬರಿಗೆ ತಿದ್ದಿದ ಪ್ರಮೇಯ ಅಂಚೆಯಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. ದಸರೆಯ ಹೊತ್ತಿಗೆ ಅವಳ ನೋಂದಣಿ ರದ್ದಾಯಿತು.

ನವೆಂಬರಿನಲ್ಲಿ ಕಬ್ಬಿನ ಹಂಗಾಮು ಶುರುವಾಯಿತು. ಒಂದು ಸಂಜೆ ಪಾರಿಸ ಸೈಕಲ್ ನೂಕಿಕೊಂಡು ಶಿರಗುಪ್ಪಿಯ ಕೇರಿಯೊಳಗೆ ಬಂದ. ಕ್ಯಾರಿಯರಿನ ಮೇಲೆ ಹಾಳೆಗಳ ಗಂಟಿತ್ತು. ಅವನು ಮೊದಲ ಸಲ ಅವರ ಮನೆಗೆ ಬಂದಿದ್ದ. ಕಾಳವ್ವ ಚಾಪೆ ಹಾಸಿದಳು. ಅವನು ನಿಂತೇ ಇದ್ದ. ಆಮೇಲೆ ಅಂಚಿನಲ್ಲಿ ಕೂತ.

"ಆರಾಮ ಅದೀರೇನ್ರಿ ಅಕ್ಕೋರ?"

"ಈಗ ಅಕ್ಕೋರ ಅಲ್ಲ ಪಾರಿಸಣ್ಣ."

"ನನಗ ಅಕ್ಕೋರ." ಗಂಟಿನ ಕಡೆ ಕೈ ಮಾಡಿದ. "ಇನ್ನೊಂದ ಪ್ರಬಂಧ ಬಂದೈತ್ರಿ. ಬಾಪುಸಾಹೇಬ ಸರ್ ಅವರ ಹೊಸ ವಿದ್ಯಾರ್ಥಿದು. ಟೈಪ್ ಮುಗಿಸೀನಿ. ಚಿಹ್ನೆ..."

"ಅವರ ಕಳಸ್ಯಾರೇನು?"

"ಹೂಂ. ನಿಮ್ಮ ಹಂಗ ಯಾರಿಗೂ ಬರಂಗಿಲ್ಲ ಅಂದ್ರು. ಹೇಳಿದಷ್ಟ ಕೊಡ್ತಾರಂತ."

ಕಾಳವ್ವ ಗಂಟು ಬಿಚ್ಚಿದಳು. ಮೇಲಿನ ಹಾಳೆ ನೋಡಿದಳು. ಸಾಲು, ಸಾಲಿನ ನಡುವೆ ಖಾಲಿ ಜಾಗ, ಮತ್ತೆ ಸಾಲು. ಮೊದಲ ಖಾಲಿ ಜಾಗಕ್ಕೆ ಯಾವ ಚಿಹ್ನೆ ಎಂದು ನೋಡಿದೊಡನೆ ಗೊತ್ತಾಯಿತು. ಎರಡನೆಯದೂ ಗೊತ್ತಾಯಿತು. ಹಾಳೆ ಮೊದಲಿನಂತೆ ಇಟ್ಟು ಗಂಟು ಕಟ್ಟಿದಳು.

"ನಾ ಒಲ್ಲೆ."

"ಅಕ್ಕೋರ, ಜಾಗಾ ಹಂಗ ಖಾಲಿ ಉಳಿತಾವು."

"ಉಳೀಲಿ."

ಪಾರಿಸ ಹೇಳಬಾರದೆಂದು ಬಂದದ್ದನ್ನು ಹೇಳುವವನ ಹಾಗೆ, ನೆಲ ನೋಡುತ್ತ ಹೇಳಿದ:

"ಉಳಿಯಂಗಿಲ್ರಿ. ಸಾಂಗ್ಲಿಯಾಗ ಕಂಪ್ಯೂಟರ್ ಬಂದೈತಿ. ಎಲ್ಲಾ ಚಿಹ್ನೆ ಅದ ಹೊಡಿತೈತಂತ. ಕೈಲೆ ಬರಿಯೂದು ಏನೂ ಇಲ್ಲ. ನೀವು ಒಲ್ಲೆ ಅಂದ್ರ ಅಲ್ಲಿಗೆ ಕಳಸ್ತೀನಿ ಅಂದಾರ. ಒಮ್ಮೆ ಅಲ್ಲಿಗೆ ಹೋತಂದ್ರ ನನ್ನ ಮಶೀನಿಗೂ ಯಾರೂ ಬರಂಗಿಲ್ಲ."

ಕಾಳವ್ವ ಅವನನ್ನು ನೋಡಿದಳು. ಅವನ ಬೆರಳ ತುದಿಗಳಲ್ಲಿ ರಿಬ್ಬನ್ನಿನ ಕಪ್ಪು ಕೂತಿತ್ತು. ತೊಳೆದರೂ ಹೋಗದ ಕಪ್ಪು. ಅವಳ ಕೈಯ ಸೀಳುಗಳು ಮಾಯ್ದಿದ್ದವು, ಗುರುತು ಉಳಿದಿದ್ದವು. ಅವಳು ಹೌದೆಂದರೆ ಈ ಮನುಷ್ಯನಿಗೆ ಒಂದು ವರ್ಷ ಸಿಗಬಹುದು. ಹೆಚ್ಚೆಂದರೆ ಎರಡು.

"ಒಲ್ಲೆ ಪಾರಿಸಣ್ಣ. ನಿನಗ ಕೈ ಮುಗಿತೀನಿ."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಗಂಟನ್ನು ಕ್ಯಾರಿಯರಿಗೆ ಬಿಗಿದ. ತುಳಸವ್ವ ಕೊಟ್ಟ ಚಹಾ ಕುಡಿದ, ಬಟ್ಟಲನ್ನು ತಾನೇ ಒಳಗೆ ತಂದಿಟ್ಟ. ಕೇರಿಯ ತಿರುವಿನವರೆಗೆ ಸೈಕಲ್ ನೂಕಿಕೊಂಡೇ ಹೋದ.

"ಯಾಕ ಬಂದಿದ್ನ ಬೇ ಅಂವಾ?" ಎಂದಳು ತುಳಸವ್ವ.

"ಕೆಲಸ ಐತಿ ಅಂತ ಬಂದಿದ್ದ."

"ಒಲ್ಲೆ ಅಂದ್ಯಾ?"

"ಹೂಂ."

ತುಳಸವ್ವ ಬಾಗಿಲ ಬಳಿ ಕೂತು ನಾಳೆ ಕಬ್ಬು ಕಡಿಯಲು ತನ್ನ ಕೊಯ್ತಾ ಕತ್ತಿಯನ್ನು ಕಲ್ಲಿಗೆ ಮಸೆಯುತ್ತಿದ್ದಳು. ಅದು ಮುಗಿದ ಮೇಲೆ ಎದ್ದು ಮಾಡಿನ ಸಂದಿಗೆ ಕೈ ಹಾಕಿದಳು. ಲಗಮಣ್ಣನ ಕೊಯ್ತಾ ಅಲ್ಲೇ ಇತ್ತು, ತುಕ್ಕು ಹಿಡಿದಿತ್ತು. ಅದನ್ನು ತೆಗೆದು, ನೀರು ಚಿಮುಕಿಸಿ, ಮಗಳ ಮುಖ ನೋಡದೆ, ಮಸೆಯತೊಡಗಿದಳು.